ಸಕ್ಕರೆ ಕಾಯಿಲೆ: ಊಟ, ಪೂರಕಗಳು ಮತ್ತು ಓಡಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಕ್ಕರೆ ಕಾಯಿಲೆ ಇರುವವರೂ ಅವರ ಮನೆಯವರೂ ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೆಚ್ಚಿನ ಉತ್ತರಗಳು ಟೈಪ್ 2 ಮಧುಮೇಹಕ್ಕೆ ಸಂಬಂಧಿಸಿದವು. ಟೈಪ್ 1ರಲ್ಲಿ, ಅಂದರೆ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಅನ್ನು ದೇಹ ಬಹುಮಟ್ಟಿಗೆ ತಯಾರಿಸದೇ ಇರುವ ಬಗೆಯಲ್ಲಿ, ಮಾತು ಬೇರೆಯಾಗುವ ಕಡೆ ಅದನ್ನು ಹೇಳಿದ್ದೇನೆ. ರಕ್ತದ ಸಕ್ಕರೆಯ ಅಂಕಿಗಳೆಲ್ಲ ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿವೆ. ಮಾತ್ರೆ ಮತ್ತು ಇನ್ಸುಲಿನ್ ಪ್ರಮಾಣವನ್ನು ಬದಲಿಸುವುದು ನಿಮ್ಮನ್ನು ನೋಡುವ ವೈದ್ಯರ ಜೊತೆ ಕುಳಿತು ತೀರ್ಮಾನಿಸಬೇಕಾದ ವಿಷಯ.

## ಮೊದಲು ತಿಳಿಯಬೇಕಾದದ್ದು

ನಿನ್ನೆ ತಾನೇ ವರದಿ ಬಂತು. ಸಕ್ಕರೆ ಕಾಯಿಲೆ ಇದೆ ಎನ್ನುತ್ತಾರೆ. ಮೊದಲು ಏನು ಮಾಡಲಿ?

ಗಾಬರಿಯಾಗುವುದು ಸಹಜ. ಆದರೆ ಒಂದೇ ವಾರದಲ್ಲಿ ಎಲ್ಲವನ್ನೂ ಬದಲಿಸಲು ಹೊರಡಬೇಡಿ. ಮೊದಲು ರೋಗ ಖಚಿತವಾಗಿದೆಯೇ ಎಂದು ನೋಡಿ. ಎಂಟು ಗಂಟೆ ಏನೂ ತಿನ್ನದೆ ಮಾಡಿಸಿದ ಪರೀಕ್ಷೆಯಲ್ಲಿ 126 ಅಥವಾ ಹೆಚ್ಚು, ಗ್ಲೂಕೋಸ್ ಕುಡಿದ ಎರಡು ಗಂಟೆಯ ಮೇಲೆ 200 ಅಥವಾ ಹೆಚ್ಚು, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಶೇ 6.5 ಅಥವಾ ಹೆಚ್ಚು ಬಂದರೆ ಮಧುಮೇಹ ಎನ್ನುತ್ತಾರೆ. ಲಕ್ಷಣಗಳೇನೂ ಇಲ್ಲದವರಲ್ಲಿ ಒಂದೇ ವರದಿಯ ಮೇಲೆ ತೀರ್ಮಾನಿಸುವುದಿಲ್ಲ, ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ.

ಟೈಪ್ 2 ಮಧುಮೇಹ ಎಷ್ಟೋ ಜನರಲ್ಲಿ ಪತ್ತೆಯಾಗುವ ಹೊತ್ತಿಗೆ ವರ್ಷಗಳಿಂದ ಸದ್ದಿಲ್ಲದೆ ಇದ್ದಿರುತ್ತದೆ. ಆದ್ದರಿಂದ ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡದ ಸ್ಥಿತಿ ತಿಳಿಸುವ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್, ಕೊಲೆಸ್ಟರಾಲ್, ರಕ್ತದೊತ್ತಡ, ಪಾದಗಳ ಸ್ಪರ್ಶಜ್ಞಾನ ಇಷ್ಟನ್ನು ಆರಂಭದಲ್ಲೇ ನೋಡಿಸಿ. ಮೊದಲ ವಾರಕ್ಕೆ ಎರಡೇ ಬದಲಾವಣೆ ಸಾಕು: ಸಿಹಿ ಪಾನೀಯಗಳನ್ನೂ ಹಣ್ಣಿನ ರಸವನ್ನೂ ನಿಲ್ಲಿಸಿ, ಊಟವಾದ ಮೇಲೆ 10ರಿಂದ 15 ನಿಮಿಷ ನಡೆಯಿರಿ.

ಇದಕ್ಕೆ ಒಂದು ಅಪವಾದವಿದೆ. ತೂಕ ಸರ್ರನೆ ಇಳಿಯುತ್ತಿದ್ದು, ತಡೆಯಲಾಗದ ಬಾಯಾರಿಕೆ, ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಪಥ್ಯದ ಮಾತನ್ನು ಪಕ್ಕಕ್ಕಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ಇನ್ಸುಲಿನ್ ಪೂರ್ತಿ ಕಡಿಮೆಯಾಗಿ ರಕ್ತ ಆಮ್ಲೀಯವಾಗುತ್ತಿರುವ ಸೂಚನೆ ಅದಾಗಿರಬಹುದು.

ನಾನು ಸಿಹಿ ತಿನ್ನುವವನೇ ಅಲ್ಲ. ನನಗೇಕೆ ಬಂತು?

ಸಿಹಿ ತಿಂದಿದ್ದಕ್ಕೆ ಸಿಕ್ಕ ಶಿಕ್ಷೆ ಎಂಬ ಭಾವನೆ ಎಷ್ಟೋ ಜನರನ್ನು ಒಳಗೊಳಗೇ ಕೊರೆಯುತ್ತದೆ. ಅದನ್ನು ಬಿಟ್ಟುಬಿಡಿ. ಟೈಪ್ 2ರಲ್ಲಿ ಎರಡು ತೊಂದರೆಗಳು ಒಟ್ಟಿಗೆ ಸೇರಿರುತ್ತವೆ. ಸ್ನಾಯು ಮತ್ತು ಯಕೃತ್ತು ಇನ್ಸುಲಿನ್‌ನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಮೇದೋಜೀರಕ ಗ್ರಂಥಿಗೆ ಆ ಹೆಚ್ಚುವರಿ ಬೇಡಿಕೆಯನ್ನು ಪೂರೈಸಲು ಆಗುವುದಿಲ್ಲ. ಮನೆತನದಿಂದ ಬಂದ ಗುಣ, ವಯಸ್ಸು, ಹೊಟ್ಟೆಯ ಸುತ್ತ ಮತ್ತು ಯಕೃತ್ತಿನಲ್ಲಿ ಸೇರಿದ ಕೊಬ್ಬು, ಸ್ನಾಯುಗಳ ಕೊರತೆ, ಕೂತೇ ಮಾಡುವ ಕೆಲಸ, ನಿದ್ದೆಗೆಟ್ಟ ರಾತ್ರಿಗಳು ಎಲ್ಲವೂ ಇದರಲ್ಲಿ ಪಾಲು ಪಡೆಯುತ್ತವೆ. ನೋಡಲು ತೆಳ್ಳಗಿರುವವರಿಗೂ ಬರುತ್ತದೆ. ಅನ್ನ, ಬ್ರೆಡ್, ಆಲೂಗಡ್ಡೆಯ ಪಿಷ್ಟವೂ ಕರುಳಿನಲ್ಲಿ ಗ್ಲೂಕೋಸ್ ಆಗಿಯೇ ರಕ್ತ ಸೇರುವುದರಿಂದ, ಸಿಹಿ ತಿನ್ನದವರ ತಟ್ಟೆಯಲ್ಲೂ ಸಕ್ಕರೆ ಏರಿಸುವ ಪದಾರ್ಥ ಧಾರಾಳವಾಗಿ ಇರಬಹುದು.

ಉಪವಾಸದ್ದು, ಊಟದ ನಂತರದ್ದು, ಮೂರು ತಿಂಗಳದ್ದು – ಯಾವ ಪರೀಕ್ಷೆಯನ್ನು ನಂಬಬೇಕು?

ಮೂರೂ ಬೇರೆ ಬೇರೆ ವಿಷಯ ಹೇಳುತ್ತವೆ. ಉಪವಾಸದ ಅಂಕಿ ರಾತ್ರಿಯಿಡೀ ನಿಮ್ಮ ಯಕೃತ್ತು ಹೇಗೆ ನಡೆದುಕೊಂಡಿತು ಎಂಬುದನ್ನು ತೋರಿಸುತ್ತದೆ. ಊಟದ ನಂತರದ ಅಂಕಿ ಆ ಊಟದ ವಿಚಾರ ಹೇಳುತ್ತದೆ. ಎಚ್‌ಬಿಎ1ಸಿ ಕಳೆದ ಎರಡು ಮೂರು ತಿಂಗಳ ಸರಾಸರಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ಕಾಲ ಅದಕ್ಕೆ ಅಂಟಿಕೊಂಡ ಸಕ್ಕರೆಯನ್ನು ಈ ಪರೀಕ್ಷೆ ಅಳೆಯುತ್ತದೆ. ರಕ್ತಹೀನತೆ, ಇತ್ತೀಚಿನ ರಕ್ತಸ್ರಾವ, ಮೂತ್ರಪಿಂಡದ ತೊಂದರೆ ಇದ್ದವರಲ್ಲಿ ಈ ಸರಾಸರಿ ದಾರಿ ತಪ್ಪಿಸಬಹುದು.

ಹೆಚ್ಚಿನ ವಯಸ್ಕರಿಗೆ ಊಟಕ್ಕೆ ಮೊದಲು 80ರಿಂದ 130, ಊಟ ಶುರುವಾಗಿ ಒಂದೆರಡು ಗಂಟೆಯಲ್ಲಿ 180ಕ್ಕಿಂತ ಕಡಿಮೆ, ಎಚ್‌ಬಿಎ1ಸಿ ಶೇ 7ರೊಳಗೆ ಎಂಬುದು ಸಾಮಾನ್ಯ ಗುರಿ. ತುಂಬಾ ವಯಸ್ಸಾದವರಿಗೆ, ಸಕ್ಕರೆ ಪದೇ ಪದೇ ಕುಸಿಯುವವರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ. ಗರ್ಭಿಣಿಯರ ಗುರಿಗಳು ಬೇರೆ, ಇನ್ನೂ ಬಿಗಿ.

ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕಂತೆ. ಬರೀ ಪಥ್ಯದಲ್ಲೇ ನಿಭಾಯಿಸಬಹುದೇ?

ಕೆಲವರಿಗೆ ಸಾಧ್ಯ. ಮುಖ್ಯವಾಗಿ ಇತ್ತೀಚೆಗೆ ಪತ್ತೆಯಾದವರಿಗೆ, ಇಳಿಸಲು ತೂಕ ಇರುವವರಿಗೆ, ಅಂಕಿಗಳು ಗಡಿಯಿಂದ ಬಹಳ ದೂರ ಹೋಗದವರಿಗೆ. ಪೂರ್ವ ಮಧುಮೇಹದ ಹಂತದಲ್ಲಿ (ಸಕ್ಕರೆ ಮಾಮೂಲಿಗಿಂತ ಹೆಚ್ಚು, ಆದರೆ ಮಧುಮೇಹದ ಗಡಿ ಮುಟ್ಟಿಲ್ಲ) ಜೀವನಶೈಲಿಯ ಬಲ ಎಷ್ಟು ಎಂಬುದಕ್ಕೆ ಅಮೆರಿಕದ ಮಧುಮೇಹ ತಡೆ ಅಧ್ಯಯನವೇ ಸಾಕ್ಷಿ. 2002ರಲ್ಲಿ ಪ್ರಕಟವಾದ ಅದರಲ್ಲಿ, ದೇಹತೂಕದ ಶೇ 7ರಷ್ಟನ್ನು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಹೊಸದಾಗಿ ಮಧುಮೇಹ ಬರುವುದು ಶೇ 58ರಷ್ಟು ತಗ್ಗಿತು. ಸಕ್ಕರೆ ತಗ್ಗಿಸುವ ಮಾತ್ರೆಯಾದ ಮೆಟ್‌ಫಾರ್ಮಿನ್ ತೆಗೆದುಕೊಂಡ ಗುಂಪಿನಲ್ಲಿ ಇಳಿಕೆ ಶೇ 31.

ಆದರೆ ರೋಗ ಬಂದಾದ ಮೇಲೆ ‘ಮಾತ್ರೆ ಬೇಡವೇ ಬೇಡ’ ಎಂಬ ಹಟ ಅಪಾಯಕಾರಿ ಎಂದು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಮಾತ್ರೆಯನ್ನು ಸೋಲೆಂದು ತಿಳಿದು ವರ್ಷಗಟ್ಟಲೆ ಸಕ್ಕರೆಯನ್ನು 220, 250ರಲ್ಲಿ ಬಿಟ್ಟುಕೊಂಡವರ ಪತ್ರಗಳು ಬರುತ್ತವೆ. ಅಷ್ಟರಲ್ಲಿ ಹಾನಿಯಾದ ಅಕ್ಷಿಪಟಲವನ್ನು ಯಾವ ಪಥ್ಯವೂ ಮೊದಲಿನಂತೆ ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ದೀರ್ಘಕಾಲ ನಡೆದ ಯುಕೆಪಿಡಿಎಸ್ ಅಧ್ಯಯನದಲ್ಲಿ ಎಚ್‌ಬಿಎ1ಸಿ ಶೇ 8ರ ಬದಲು 7 ಎಂಬಂತೆ ಒಂದು ಅಂಶ ಕಡಿಮೆ ಇದ್ದಲ್ಲಿ ಕಣ್ಣು, ಮೂತ್ರಪಿಂಡದಂಥ ಸಣ್ಣ ರಕ್ತನಾಳಗಳ ತೊಂದರೆ ಶೇ 37ರಷ್ಟು ಕಡಿಮೆ ಇತ್ತು. ಊಟ, ಓಡಾಟ, ಮಾತ್ರೆ ಮೂರೂ ಒಂದೇ ಕೆಲಸಕ್ಕೆ ಕೈ ಹಾಕಲಿ. ಅಂಕಿಗಳು ಇಳಿದಾಗ ಮಾತ್ರೆ ತಗ್ಗಿಸಲು ವೈದ್ಯರಿಗೂ ಸಂತೋಷವೇ.

ಟೈಪ್ 1ರಲ್ಲಿ ಈ ಪ್ರಶ್ನೆಯೇ ಇಲ್ಲ. ಅಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

## ತಟ್ಟೆಯ ವಿಚಾರ

ಅನ್ನ ಬಿಟ್ಟು ಗೋಧಿಗೆ ಬದಲಾದೆ. ಆದರೂ ಸಕ್ಕರೆ ಇಳಿದಿಲ್ಲ, ಏಕೆ?

ಧಾನ್ಯ ಬದಲಾಯಿತು, ಪಿಷ್ಟದ ಪ್ರಮಾಣ ಬದಲಾಗಲಿಲ್ಲ. ನೂರು ಗ್ರಾಂ ಬೇಯಿಸಿದ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟವಿದೆ. ಸುಮಾರು 40 ಗ್ರಾಂ ಗೋಧಿ ಹಿಟ್ಟಿನಲ್ಲೂ ಅಷ್ಟೇ ಇದೆ. ತವುಡಿನ ಸಮೇತ ಇರುವ ಧಾನ್ಯದಲ್ಲಿ ನಾರು ಹೆಚ್ಚು, ಅದು ಒಳ್ಳೆಯದೇ. ಆದರೆ ‘ಇದು ಶುಗರ್‌ಗೆ ಒಳ್ಳೆಯದು’ ಎಂಬ ಧೈರ್ಯದಲ್ಲಿ ಒಂದೂವರೆ ಪಟ್ಟು ತಿಂದರೆ ಲಾಭವೆಲ್ಲ ಕರಗಿಹೋಗುತ್ತದೆ.

ನನ್ನ ಅನುಭವದಲ್ಲಿ ಜನ ನಿಜಕ್ಕೂ ಉಳಿಸಿಕೊಂಡು ಹೋಗುವ ಕ್ರಮ ಒಂದೇ. ಸುಮಾರು 23 ಸೆಂಟಿಮೀಟರ್ ಅಗಲದ ತಟ್ಟೆ ತೆಗೆದುಕೊಳ್ಳಿ. ಅರ್ಧ ಭಾಗ ಸೊಪ್ಪು, ಪಿಷ್ಟವಿಲ್ಲದ ತರಕಾರಿ. ಕಾಲು ಭಾಗ ಬೇಳೆಕಾಳು, ಮೊಟ್ಟೆ, ಮೀನು, ಮಾಂಸ ಇವುಗಳಲ್ಲಿ ನೀವು ತಿನ್ನುವಂಥದ್ದು. ಉಳಿದ ಕಾಲು ಭಾಗಕ್ಕೆ ಮಾತ್ರ ಅನ್ನ, ಬ್ರೆಡ್ ಅಥವಾ ಬೇರೆ ಧಾನ್ಯ. ಆಲೂಗಡ್ಡೆ, ಗೆಣಸು, ಮುಸುಕಿನ ಜೋಳದ ಕಾಳು ತರಕಾರಿಯ ಪಾಲಿಗೆ ಸೇರುವುದಿಲ್ಲ, ಧಾನ್ಯದ ಪಾಲಿಗೆ ಸೇರುತ್ತವೆ. ಧಾನ್ಯ ಕಡಿಮೆ ಮಾಡಿ ಆ ಜಾಗವನ್ನು ಖಾಲಿ ಬಿಟ್ಟರೆ ಎರಡು ಗಂಟೆಯಲ್ಲಿ ಹಸಿವಾಗಿ ಬಿಸ್ಕತ್ತಿನ ಡಬ್ಬಿಗೆ ಕೈ ಹೋಗುತ್ತದೆ. ಅಲ್ಲಿಗೆ ಕಾಳು ಮತ್ತು ತರಕಾರಿ ಬರಲೇಬೇಕು.

ಯಾವುದನ್ನು ಮೊದಲು ತಿಂದರೇನು, ಎಲ್ಲ ಹೊಟ್ಟೆಗೇ ತಾನೇ ಹೋಗುವುದು?

ಹೋಗುತ್ತದೆ, ಆದರೆ ಹೋಗುವ ವೇಗ ಬೇರೆ. ತರಕಾರಿ, ಕಾಳು, ಮೊಟ್ಟೆಯಂಥವನ್ನು ಮೊದಲು ತಿಂದು ಅನ್ನ ಅಥವಾ ಬ್ರೆಡ್ಡನ್ನು ಕೊನೆಗೆ ತಿಂದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಊಟದ ನಂತರದ ಏರಿಕೆ ಕಡಿಮೆಯಾಗುತ್ತದೆ. ಅಡುಗೆಯನ್ನು ಬದಲಿಸದೆ ಮಾಡಬಹುದಾದ ಬದಲಾವಣೆ ಇದು, ಹಾಗಾಗಿ ಎಲ್ಲರಿಗೂ ಹೇಳುತ್ತೇನೆ.

ಹಣ್ಣನ್ನು ಪೂರ್ತಿ ಬಿಡಬೇಕೇ?

ಬೇಡ. ಅಂಗೈಯಲ್ಲಿ ಹಿಡಿಸುವಷ್ಟು ಒಂದು ಹಣ್ಣನ್ನು ಕಚ್ಚಿ, ಅಗಿದು ತಿನ್ನಿ. ಸೇಬು, ಪೇರಳೆ, ಕಿತ್ತಳೆ ಒಳ್ಳೆಯ ಆಯ್ಕೆಗಳು. ಚೆನ್ನಾಗಿ ಕಳಿತ ಬಾಳೆಹಣ್ಣಾದರೆ ಅರ್ಧ ಸಾಕು. ರಸ ಬೇಡ. ಒಂದು ಲೋಟ ಕಿತ್ತಳೆ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ಅದರಲ್ಲಿ 20 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ, ನಾರು ಬಹುಪಾಲು ಸೋಸಿಹೋಗಿರುತ್ತದೆ. ಒಣಹಣ್ಣುಗಳಲ್ಲಿ ನೀರು ಹೋಗಿ ಸಕ್ಕರೆ ಒತ್ತಾಗಿರುವುದರಿಂದ ಒಂದು ಹಿಡಿ ಎಂಬುದೂ ಹೆಚ್ಚೇ.

ಸಕ್ಕರೆಯ ಬದಲು ಬೆಲ್ಲ, ಜೇನುತುಪ್ಪ ಬಳಸಿದರೆ ತೊಂದರೆ ಇಲ್ಲ ತಾನೇ?

ತೊಂದರೆ ಇದೆ. ಬಣ್ಣ, ರುಚಿ ಬೇರೆಯಾದರೂ ರಕ್ತಕ್ಕೆ ತಲುಪುವುದು ಸಕ್ಕರೆಯೇ. ಬೆಲ್ಲದಲ್ಲಿರುವ ಕಬ್ಬಿಣ ಮತ್ತಿತರ ಖನಿಜಗಳಿಗಾಗಿ ತಿನ್ನಬೇಕೆಂದರೆ ತಿನ್ನಬೇಕಾದ ಪ್ರಮಾಣ ನಿಮ್ಮ ಸಕ್ಕರೆಯನ್ನು ಕೆಡಿಸಿಬಿಡುತ್ತದೆ.

ಕೃತಕ ಸಿಹಿಕಾರಕಗಳು ಕೆಟ್ಟವು ಎಂದು ಓದಿದೆ. ಬಿಡಲೇ?

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೂಕ ಇಳಿಸಲು ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದಿತು. ಆ ಸಲಹೆಯಿಂದ ಈಗಾಗಲೇ ಮಧುಮೇಹ ಇರುವವರನ್ನು ಹೊರಗಿಟ್ಟಿತ್ತು ಎಂಬುದನ್ನು ಸುದ್ದಿಗಳಲ್ಲಿ ಹೆಚ್ಚಾಗಿ ಹೇಳಲಿಲ್ಲ. ಸಕ್ಕರೆ ಹಾಕಿದ ಚಹಾ ಬಿಡಲು ಆಗದವರಿಗೆ ಸಿಹಿಕಾರಕ ಒಂದು ಊರುಗೋಲಾಗಬಹುದು, ಅದು ನೇರವಾಗಿ ರಕ್ತದ ಸಕ್ಕರೆಯನ್ನು ಏರಿಸುವುದಿಲ್ಲ. ಆದರೆ ನಾಲಿಗೆಯ ಸಿಹಿಯ ಅಭ್ಯಾಸ ಹಾಗೇ ಉಳಿಯುತ್ತದೆ. ವಾರಕ್ಕೊಂದಿಷ್ಟರಂತೆ ಸಿಹಿಯನ್ನು ತಗ್ಗಿಸುತ್ತಾ ಹೋಗುವುದೇ ನನಗೆ ಹೆಚ್ಚು ಸರಿ ಕಾಣುತ್ತದೆ.

‘ಶುಗರ್ ಫ್ರೀ’ ಎಂದು ಬರೆದ ಬಿಸ್ಕತ್ತು ತಿನ್ನಬಹುದೇ?

ಪೊಟ್ಟಣದ ಮುಂಭಾಗವನ್ನು ಬಿಟ್ಟು ಹಿಂಭಾಗ ತಿರುಗಿಸಿ. ‘ಸಕ್ಕರೆ’ ಎಂಬ ಸಾಲಿನ ಮೇಲೆ ‘ಒಟ್ಟು ಕಾರ್ಬೋಹೈಡ್ರೇಟ್’ ಎಂಬ ಸಾಲು ಇರುತ್ತದೆ. ನಿಮಗೆ ಬೇಕಾದದ್ದು ಅದು. ಸಕ್ಕರೆ ಸೊನ್ನೆ ಇದ್ದರೂ ಮೈದಾ ಇದ್ದೇ ಇರುತ್ತದೆ. ಮಾಲ್ಟಿಟಾಲ್ ಎಂಬ ಸಿಹಿಕಾರಕ ಇದ್ದರೆ ಅದೂ ಸ್ವಲ್ಪ ಮಟ್ಟಿಗೆ ಸಕ್ಕರೆ ಏರಿಸುತ್ತದೆ. ನಂತರ ‘ಒಂದು ಪಾಲು’ ಎಂದರೆ ಎಷ್ಟು ಬಿಸ್ಕತ್ತು ಎಂದು ನೋಡಿ. ಲೆಕ್ಕ ಎರಡಕ್ಕೆ ಬರೆದಿರುತ್ತಾರೆ, ನಾವು ಆರು ತಿಂದಿರುತ್ತೇವೆ.

ಗ್ಲೈಸೆಮಿಕ್ ಸೂಚ್ಯಂಕದ ಪಟ್ಟಿ ನೋಡಿಕೊಂಡೇ ತಿನ್ನಬೇಕೇ?

ಪಟ್ಟಿ ಗೊತ್ತಿದ್ದರೆ ಒಳ್ಳೆಯದು, ಅದಕ್ಕೆ ದಾಸರಾಗುವುದು ಬೇಡ. ಟೊರಾಂಟೋದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ತಂದ ಈ ಅಳತೆ, ಒಂದು ಆಹಾರವನ್ನು ಅದೊಂದನ್ನೇ ತಿಂದಾಗ ಸಕ್ಕರೆ ಎಷ್ಟು ಏರುತ್ತದೆ ಎಂದು ಹೇಳುತ್ತದೆ. ನಾವು ಊಟದಲ್ಲಿ ನಾಲ್ಕು ಪದಾರ್ಥ ಬೆರೆಸಿ ತಿನ್ನುತ್ತೇವೆ. ಕೊಬ್ಬು, ನಾರು, ಪ್ರೋಟೀನ್ ಸೇರಿದಾಗ ಅಂಕಿ ಬದಲಾಗುತ್ತದೆ. ಕಲ್ಲಂಗಡಿಯ ಸೂಚ್ಯಂಕ ಹೆಚ್ಚು, ಆದರೆ ಅದರಲ್ಲಿ ನೀರೇ ತುಂಬಿರುವುದರಿಂದ ಒಂದು ಹೋಳಿನಲ್ಲಿ ಸಿಗುವ ಸಕ್ಕರೆ ಅಷ್ಟೇನೂ ಇಲ್ಲ. ಗ್ಲುಕೋಮೀಟರ್ ಇದ್ದರೆ ಅದೇ ನಿಮ್ಮ ಪಟ್ಟಿ: ಊಟಕ್ಕೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಒಮ್ಮೆ ನೋಡಿ, ಪಕ್ಕದಲ್ಲಿ ತಿಂದದ್ದನ್ನು ಬರೆಯಿರಿ. ಒಂದು ವಾರ ಹೀಗೆ ಬರೆದ ಹಾಳೆ ನಿಮ್ಮ ದೇಹಕ್ಕೆ ಯಾವುದು ಒಗ್ಗುವುದಿಲ್ಲ ಎಂಬುದನ್ನು ಎತ್ತಿ ತೋರಿಸುತ್ತದೆ.

## ಪುಡಿ, ಕಷಾಯ, ಮಾತ್ರೆ: ಪೂರಕಗಳು

ಮೆಂತ್ಯ, ದಾಲ್ಚಿನ್ನಿ, ಹಾಗಲಕಾಯಿ ನಿಜವಾಗಿ ಕೆಲಸ ಮಾಡುತ್ತವೆಯೇ?

ಒಂದೊಂದಾಗಿ ನೋಡೋಣ. ಮೆಂತ್ಯದ ಕಾಳಿನಲ್ಲಿ ನೀರು ಹೀರಿ ಲೋಳೆಯಾಗುವ ನಾರು ಬಹಳ. ಆ ಲೋಳೆ ಪಿಷ್ಟದ ಹೀರುವಿಕೆಯನ್ನು ನಿಧಾನ ಮಾಡುತ್ತದೆ, ಹಾಗಾಗಿ ಅಲ್ಪ ಪ್ರಯೋಜನ ಕಾಣುತ್ತದೆ. ಅದೇ ಲೋಳೆ ಮಾತ್ರೆಗಳ ಹೀರುವಿಕೆಯನ್ನೂ ನಿಧಾನ ಮಾಡಬಹುದಾದ್ದರಿಂದ ಎರಡರ ನಡುವೆ ಒಂದೆರಡು ಗಂಟೆ ಅಂತರ ಇರಲಿ. ಗರ್ಭಿಣಿಯರು ಔಷಧಿಯ ಪ್ರಮಾಣದಲ್ಲಿ ಮೆಂತ್ಯ ತೆಗೆದುಕೊಳ್ಳಬಾರದು.

ದಾಲ್ಚಿನ್ನಿಯ ಅಧ್ಯಯನಗಳು ಒಂದಕ್ಕೊಂದು ಹೊಂದುವುದಿಲ್ಲ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಕ್ಯಾಸಿಯಾ ಜಾತಿಯಲ್ಲಿ ಕೌಮರಿನ್ ಎಂಬ ಅಂಶವಿದೆ. ಅಡುಗೆಗೆ ಚಿಟಿಕೆ ಹಾಕಿದರೆ ಏನೂ ಆಗುವುದಿಲ್ಲ, ದಿನವೂ ಚಮಚಗಟ್ಟಲೆ ತಿಂದರೆ ಯಕೃತ್ತಿಗೆ ಹಾನಿಯಾಗಬಹುದು. ಹಾಗಲಕಾಯಿ ತರಕಾರಿಯಾಗಿ ಒಳ್ಳೆಯದು. ಅದರ ಸಾರ, ಕ್ಯಾಪ್ಸೂಲ್‌ಗಳ ಬಗ್ಗೆ ನಡೆದ ಪ್ರಯೋಗಗಳು ಸಣ್ಣವು, ಫಲಿತಾಂಶ ಮಿಶ್ರ. ಸಕ್ಕರೆ ತಗ್ಗಿಸುವ ಮಾತ್ರೆಗಳ ಜೊತೆ ಸೇರಿದರೆ ಸಕ್ಕರೆ ತೀರಾ ಕುಸಿಯಬಹುದು.

ಮೂರನ್ನೂ ಅಡುಗೆಮನೆಯಲ್ಲಿ ಇಟ್ಟುಕೊಳ್ಳಿ. ಔಷಧಿಯ ಜಾಗಕ್ಕೆ ತರಬೇಡಿ.

ಬರ್ಬರಿನ್ ಎಂದರೆ ‘ನೈಸರ್ಗಿಕ ಮೆಟ್‌ಫಾರ್ಮಿನ್’ ಎನ್ನುತ್ತಾರೆ. ಅದನ್ನೇ ತೆಗೆದುಕೊಂಡರೆ ಆಗದೇ?

ಬರ್ಬರಿನ್ ಕೆಲವು ಗಿಡಗಳಿಂದ ತೆಗೆಯುವ ರಾಸಾಯನಿಕ. ಮೆಟ್‌ಫಾರ್ಮಿನ್‌ನ ಮೂಲವೂ ಗಿಡವೇ. ಯೂರೋಪಿನ ಗಲೇಗಾ ಎಂಬ ಗಿಡದಲ್ಲಿದ್ದ ರಾಸಾಯನಿಕದ ಜಾಡು ಹಿಡಿದು ಅದು ಬಂತು. ವ್ಯತ್ಯಾಸವಿರುವುದು ಪರೀಕ್ಷೆಯಲ್ಲಿ: ಮೆಟ್‌ಫಾರ್ಮಿನ್‌ಗೆ ದಶಕಗಳ ಬಳಕೆಯ ದಾಖಲೆಯಿದೆ, ಪ್ರತಿ ಮಾತ್ರೆಯಲ್ಲಿ ಎಷ್ಟಿದೆ ಎಂಬುದು ಖಚಿತ. ಬರ್ಬರಿನ್ ಸಕ್ಕರೆಯನ್ನು ಸ್ವಲ್ಪ ಇಳಿಸುತ್ತದೆ ಎಂದು ಅಧ್ಯಯನಗಳು ಹೇಳುತ್ತವೆಯಾದರೂ ಅವುಗಳಲ್ಲಿ ಹೆಚ್ಚಿನವು ಸಣ್ಣವು, ಅಲ್ಪಾವಧಿಯವು. ಅದು ಹಲವು ಔಷಧಿಗಳ ಜೊತೆ ತೊಡಕು ತರುತ್ತದೆ. ಅಂಗಾಂಗ ಕಸಿ ಮಾಡಿಸಿಕೊಂಡವರು ಬಳಸುವ ಸೈಕ್ಲೋಸ್ಪೊರಿನ್ ಮಟ್ಟವನ್ನು ಏರಿಸುತ್ತದೆ. ಗರ್ಭಿಣಿಯರು, ಹಾಲುಣಿಸುವವರು ಮುಟ್ಟಲೇಬಾರದು, ನವಜಾತ ಶಿಶುವಿನ ಕಾಮಾಲೆಯನ್ನು ಅದು ಹೆಚ್ಚಿಸಬಹುದು.

ಕ್ರೋಮಿಯಂ, ವಿಟಮಿನ್ ಡಿ, ಒಮೆಗಾ-3, ಮೆಗ್ನೀಸಿಯಂ ಇವುಗಳಲ್ಲಿ ಯಾವುದು ಬೇಕು?

ಕೊರತೆ ಇದ್ದರೆ ಮಾತ್ರ. ದಿನಕ್ಕೆ 4000 ಯೂನಿಟ್ ವಿಟಮಿನ್ ಡಿ ಕೊಟ್ಟು ನೋಡಿದ 2019ರ ದೊಡ್ಡ ಪ್ರಯೋಗದಲ್ಲಿ, ಪೂರ್ವ ಮಧುಮೇಹಿಗಳಿಗೆ ಮಧುಮೇಹ ಬರುವುದು ಗಣನೀಯವಾಗಿ ತಗ್ಗಲಿಲ್ಲ. ಮಧುಮೇಹ ಇರುವ 15 ಸಾವಿರಕ್ಕೂ ಹೆಚ್ಚು ಜನರಿಗೆ ಒಮೆಗಾ-3 ಕ್ಯಾಪ್ಸೂಲ್ ಅಥವಾ ಹುಸಿಮಾತ್ರೆ ಕೊಟ್ಟ ಅಸೆಂಡ್ ಪ್ರಯೋಗದಲ್ಲಿ (2018) ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಭೀರ ತೊಂದರೆಗಳು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮನಾಗಿದ್ದವು. ಕ್ರೋಮಿಯಂ ಬಗ್ಗೆ ಒಮ್ಮತವಿಲ್ಲ. ಮೆಗ್ನೀಸಿಯಂ ಸೊಪ್ಪು, ಕಾಳು, ಬೀಜಗಳಲ್ಲಿ ಧಾರಾಳ. ಮೂತ್ರಪಿಂಡ ದುರ್ಬಲವಾಗಿರುವವರು ಅದರ ಮಾತ್ರೆಯನ್ನು ಕೇಳದೆ ತೆಗೆದುಕೊಂಡರೆ ರಕ್ತದಲ್ಲಿ ಅದು ಶೇಖರವಾಗುವ ಅಪಾಯವಿದೆ.

ಹಾಗಾದರೆ ಯಾವ ಪೂರಕವೂ ಬೇಡವೇ?

ಒಂದರ ಬಗ್ಗೆ ನಾನೇ ಒತ್ತಾಯ ಮಾಡುತ್ತೇನೆ: ವಿಟಮಿನ್ ಬಿ12. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಕರುಳು ಬಿ12 ಹೀರುವುದು ಕಡಿಮೆಯಾಗುತ್ತದೆ. ಮಾಂಸಾಹಾರ ತಿನ್ನದವರಲ್ಲಿ ಮೊದಲೇ ಅದರ ದಾಸ್ತಾನು ಕಡಿಮೆ. ಕೊರತೆಯಾದಾಗ ಪಾದ ಜುಮ್ಮೆನ್ನುವುದು, ಉರಿ, ನಡಿಗೆಯಲ್ಲಿ ತೂಗಾಟ, ಮರೆವು, ಸುಸ್ತು ಕಾಣಿಸುತ್ತವೆ. ಪಾದದ ಉರಿಯನ್ನು ‘ಶುಗರ್‌ನ ನರದೋಷ’ ಎಂದು ತಿಳಿದು ಸುಮ್ಮನಾಗುವವರು ಬಹಳ. ಬಿ12 ಕೊರತೆಯದ್ದಾದರೆ ಬೇಗ ಸರಿಪಡಿಸಬಹುದು, ತಡವಾದರೆ ನರದ ಹಾನಿ ಶಾಶ್ವತವಾಗಬಹುದು. ಅದಕ್ಕಾಗಿ ಈ ಔಷಧಿಯಲ್ಲಿರುವವರು ಆಗಾಗ ಬಿ12 ಪರೀಕ್ಷೆ ಮಾಡಿಸಲಿ. ಕಡಿಮೆ ಇದ್ದರೆ ಮಾತ್ರೆಯೋ ಚುಚ್ಚುಮದ್ದೋ ವೈದ್ಯರು ಹೇಳುತ್ತಾರೆ.

ಹೆಸರಿಲ್ಲದ ಒಂದು ಪುಡಿಯಿಂದ ನನ್ನ ಸಕ್ಕರೆ ವಾರದಲ್ಲೇ ಇಳಿಯಿತು. ಇದಕ್ಕೇನು ಹೇಳುತ್ತೀರಿ?

ತಕ್ಷಣ ನಿಲ್ಲಿಸಿ ಎನ್ನುತ್ತೇನೆ. ಗಿಡಮೂಲಿಕೆ ಎಂದು ಮಾರುವ ಉತ್ಪನ್ನಗಳಲ್ಲಿ ಗ್ಲಿಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್‌ನಂಥ ಔಷಧಿಗಳನ್ನು ಹೇಳದೆ ಬೆರೆಸಿದ್ದನ್ನು ಔಷಧ ನಿಯಂತ್ರಣ ಸಂಸ್ಥೆಗಳು ಪತ್ತೆ ಹಚ್ಚಿವೆ. ಅಷ್ಟು ಬೇಗ ಇಳಿದಿದ್ದರೆ ಆ ಅನುಮಾನ ಬರಲೇಬೇಕು. ಪ್ರಮಾಣ ಗೊತ್ತಿಲ್ಲದ ಔಷಧಿ ನಿದ್ದೆಯಲ್ಲಿ ಸಕ್ಕರೆಯನ್ನು ಕುಸಿಯುವಂತೆ ಮಾಡಿದರೆ ಪಕ್ಕದಲ್ಲಿ ಮಲಗಿದವರಿಗೂ ಗೊತ್ತಾಗುವುದಿಲ್ಲ. ಆಸ್ಪತ್ರೆಗೆ ಹೋಗುವಾಗ ಆ ಪೊಟ್ಟಣವನ್ನು ಜೊತೆಗೆ ಒಯ್ಯಿರಿ.

## ನಡಿಗೆ ಮತ್ತು ವ್ಯಾಯಾಮ

ದಿನಕ್ಕೆ ಎಷ್ಟು ನಡೆಯಬೇಕು? ಬೆಳಿಗ್ಗೆಯೋ, ಸಂಜೆಯೋ?

ವಾರಕ್ಕೆ ಕನಿಷ್ಠ 150 ನಿಮಿಷ, ಮಾತನಾಡಬಹುದು ಆದರೆ ಹಾಡಲಾಗದು ಎಂಬಷ್ಟು ಬಿರುಸಾಗಿ. ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ, ಏಕೆಂದರೆ ವ್ಯಾಯಾಮದಿಂದ ಇನ್ಸುಲಿನ್‌ಗೆ ಹೆಚ್ಚಿದ ಸ್ಪಂದನೆ ಒಂದೆರಡು ದಿನಗಳಲ್ಲಿ ಇಳಿದುಹೋಗುತ್ತದೆ. ಹೊತ್ತಿನ ವಿಚಾರಕ್ಕೆ ಬಂದರೆ, ನಿಮ್ಮಿಂದ ತಪ್ಪದೆ ಮಾಡಲು ಆಗುವ ಹೊತ್ತೇ ಒಳ್ಳೆಯ ಹೊತ್ತು. ಆಯ್ಕೆ ಇದ್ದರೆ ಊಟದ ನಂತರ ನಡೆಯಿರಿ.

ಕಾರಣ ತಿಳಿದರೆ ಕಾಲಿಗೆ ಹುರುಪು ಬರುತ್ತದೆ. ಸಾಮಾನ್ಯವಾಗಿ ಗ್ಲೂಕೋಸ್ ಸ್ನಾಯುವಿನ ಜೀವಕೋಶದೊಳಗೆ ಹೋಗಲು ಇನ್ಸುಲಿನ್ ಆದೇಶ ಬೇಕು. ಆ ಆದೇಶ ಬಂದಾಗ ಗ್ಲುಟ್-4 ಎಂಬ ವಾಹಕ ಪ್ರೋಟೀನ್‌ಗಳು ಕೋಶದ ಒಳಗಿನಿಂದ ಅಂಚಿಗೆ ಬಂದು ಗ್ಲೂಕೋಸನ್ನು ಒಳಗೆ ಸೆಳೆದುಕೊಳ್ಳುತ್ತವೆ. ಸ್ನಾಯು ಸಂಕುಚಿಸುವಾಗ ಇದೇ ವಾಹಕಗಳು ಇನ್ಸುಲಿನ್‌ನ ಆದೇಶಕ್ಕೆ ಕಾಯದೆ ಅಂಚಿಗೆ ಬರುತ್ತವೆ. ಇನ್ಸುಲಿನ್‌ಗೆ ಕಿವಿಗೊಡದ ದೇಹದಲ್ಲೂ ಈ ಇನ್ನೊಂದು ದಾರಿ ತೆರೆದೇ ಇರುತ್ತದೆ. ಊಟದ ನಂತರ ರಕ್ತದಲ್ಲಿ ಸಕ್ಕರೆ ಏರುತ್ತಿರುವ ಹೊತ್ತಿಗೇ ನೀವು ನಡೆಯುತ್ತಿದ್ದರೆ ಅದು ನೇರವಾಗಿ ಕಾಲಿನ ಸ್ನಾಯುಗಳಿಗೆ ಹೋಗುತ್ತದೆ.

ಕೂತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ಓಡಾಡಿ. ಬೆಳಿಗ್ಗೆ ಒಂದು ಗಂಟೆ ನಡೆದು ಉಳಿದ ಹತ್ತು ಗಂಟೆ ಕುರ್ಚಿಗೆ ಅಂಟಿಕೊಂಡರೆ ಬೆಳಗಿನ ದುಡಿಮೆಯ ಒಂದು ಪಾಲು ಸೋರಿಹೋಗುತ್ತದೆ.

ಮಂಡಿ ನೋವು. ನಡೆಯಲು ಆಗುವುದಿಲ್ಲ. ನನ್ನಂಥವರು ಏನು ಮಾಡಬೇಕು?

ಕುರ್ಚಿಯಲ್ಲಿ ಕುಳಿತೇ ಶುರು ಮಾಡಿ. ಬೆನ್ನು ನೇರ ಮಾಡಿ ಒಂದು ಕಾಲನ್ನು ಮುಂದಕ್ಕೆ ಚಾಚಿ, ತೊಡೆ ಬಿಗಿದು ಐದು ಎಣಿಸಿ, ಇಳಿಸಿ. ಹತ್ತು ಸಲ ಆದ ಮೇಲೆ ಇನ್ನೊಂದು ಕಾಲು. ಇದು ಮಂಡಿಯನ್ನು ಹಿಡಿದಿಡುವ ತೊಡೆಯ ಸ್ನಾಯುವನ್ನೇ ಬಲಪಡಿಸುತ್ತದೆ. ರಬ್ಬರ್ ಪಟ್ಟಿ ಎಳೆಯುವುದು, ಗೋಡೆಗೆ ಕೈಕೊಟ್ಟು ದಂಡ ತೆಗೆಯುವುದು, ನೀರಿನಲ್ಲಿ ನಡೆಯುವುದು, ಈಜು, ಸೈಕಲ್ ಎಲ್ಲ ಮಂಡಿಗೆ ಹಗುರ. ನಡೆಯಬಲ್ಲವರಿಗೂ ವಾರಕ್ಕೆ ಎರಡು ಮೂರು ದಿನ ಭಾರದ ವ್ಯಾಯಾಮ ಬೇಕು. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಗ್ಲೂಕೋಸ್ ಖರ್ಚಾಗುವ ಜಾಗವೂ ಅದರೊಂದಿಗೆ ಕಿರಿದಾಗುತ್ತದೆ.

ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಬರಿಗಾಲಲ್ಲಿ ನಡೆಯಬೇಡಿ. ಶೂ ಒಳಗೆ ಕೈಹಾಕಿ ಕಲ್ಲು, ಮಡಿಕೆ ಇಲ್ಲವೆಂದು ನೋಡಿ ಧರಿಸಿ. ಅಕ್ಷಿಪಟಲದಲ್ಲಿ ಹೊಸ ರಕ್ತನಾಳಗಳು ಬೆಳೆದಿದ್ದರೆ ಉಸಿರು ಬಿಗಿಹಿಡಿದು ಭಾರ ಎತ್ತುವುದು ನಿಷಿದ್ಧ.

ಜಿಮ್‌ನಿಂದ ಬಂದು ನೋಡಿದರೆ ಸಕ್ಕರೆ ಏರಿದೆ! ವ್ಯಾಯಾಮ ನನಗೆ ಆಗಿಬರುವುದಿಲ್ಲವೇ?

ಆಗಿಬರುತ್ತದೆ. ತೀವ್ರ ವ್ಯಾಯಾಮದಲ್ಲಿ ಅಡ್ರಿನಲಿನ್ ಏರಿ ಯಕೃತ್ತು ತನ್ನ ದಾಸ್ತಾನಿನ ಗ್ಲೂಕೋಸನ್ನು ರಕ್ತಕ್ಕೆ ಸುರಿಯುತ್ತದೆ. ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಅದು ಇಳಿಯುತ್ತದೆ. ಟೈಪ್ 1 ಇರುವವರು ಸಕ್ಕರೆ 250 ದಾಟಿದ್ದರೆ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಕರಗಿಸುವಾಗ ಉಂಟಾಗುವ ಆಮ್ಲೀಯ ವಸ್ತು) ನೋಡಿಕೊಳ್ಳಬೇಕು. ಕೀಟೋನ್ ಇದ್ದರೆ ವ್ಯಾಯಾಮ ಬೇಡ.

ನಡೆಯುವಾಗ ಕೈ ನಡುಗಿ, ಬೆವರು ಬಂದು, ಕಣ್ಣು ಕತ್ತಲಿಟ್ಟರೆ?

ಅಲ್ಲೇ ಕುಳಿತುಕೊಳ್ಳಿ. ಮೀಟರ್ ಇದ್ದರೆ ನೋಡಿ, ಇಲ್ಲದಿದ್ದರೆ ಕಾಯಬೇಡಿ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಅಥವಾ ನೀರಿನಲ್ಲಿ ಕಲಸಿದ ಮೂರು ನಾಲ್ಕು ಚಮಚ ಸಕ್ಕರೆ ತೆಗೆದುಕೊಂಡು 15 ನಿಮಿಷಕ್ಕೆ ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ. ಸರಿಹೋದ ಮೇಲೆ ಏನಾದರೂ ತಿನ್ನಿ. ಚಾಕೊಲೇಟ್ ಇಂಥ ಹೊತ್ತಿಗೆ ಆಗುವುದಿಲ್ಲ, ಅದರ ಕೊಬ್ಬು ಸಕ್ಕರೆಯ ದಾರಿಯನ್ನು ತಡೆಯುತ್ತದೆ. ಅಕಾರ್ಬೋಸ್, ವೊಗ್ಲಿಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಮಾಮೂಲಿ ಸಕ್ಕರೆ ಬೇಗ ಫಲ ಕೊಡುವುದಿಲ್ಲ, ಅವರು ಗ್ಲೂಕೋಸ್ ಪುಡಿಯನ್ನೇ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ.

ಮೆಟ್‌ಫಾರ್ಮಿನ್ ಒಂದರಿಂದಲೇ ಹೀಗಾಗುವುದು ಅಪರೂಪ. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತೆಗೆದುಕೊಳ್ಳುವವರು ಹೆಚ್ಚು ಎಚ್ಚರವಾಗಿರಬೇಕು. ಖಾಲಿ ಹೊಟ್ಟೆಯಲ್ಲಿ ಮದ್ಯ ಕುಡಿದರೆ ಯಕೃತ್ತು ಗ್ಲೂಕೋಸ್ ಕೊಡುವುದನ್ನು ತಗ್ಗಿಸುತ್ತದೆ, ಕುಸಿತ ಗಂಟೆಗಳ ನಂತರವೂ ಬರಬಹುದು.

## ಇನ್ನಷ್ಟು ಆಳಕ್ಕೆ

ರಾತ್ರಿ ಬೇಗ ಉಂಡು ಮಲಗಿದರೂ ಬೆಳಗಿನ ಸಕ್ಕರೆ ಏಕೆ ಹೆಚ್ಚು?

ಮುಂಜಾನೆ ಮೂರರಿಂದ ಎಂಟರ ನಡುವೆ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್ ಏರಿ, ದೇಹವನ್ನು ಎಬ್ಬಿಸಲು ಯಕೃತ್ತು ಗ್ಲೂಕೋಸ್ ಬಿಡುತ್ತದೆ. ಮಧುಮೇಹ ಇಲ್ಲದವರಲ್ಲಿ ಇನ್ಸುಲಿನ್ ಅದನ್ನು ಸರಿದೂಗಿಸುತ್ತದೆ. ನೀವು ಏನೋ ತಪ್ಪು ತಿಂದಿರಿ ಎಂದು ಇದರ ಅರ್ಥವಲ್ಲ. ರಾತ್ರಿಯ ಊಟ ಹಗುರವಾಗಿರಲಿ, ಉಂಡ ಮೇಲೆ ಸ್ವಲ್ಪ ನಡೆಯಿರಿ, ನಿದ್ದೆ ಸರಿಯಾಗಿ ಆಗಲಿ. ಗೊರಕೆ ಜೋರಾಗಿದ್ದು ಹಗಲಲ್ಲಿ ತೂಕಡಿಸುವವರು ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆ ಇದೆಯೇ ಎಂದು ತೋರಿಸಿಕೊಳ್ಳಿ. ಇಷ್ಟಾದರೂ ಇಳಿಯದಿದ್ದರೆ ಔಷಧಿಯ ಹೊತ್ತು, ಪ್ರಮಾಣ ಬದಲಿಸಬೇಕಾಗಬಹುದು.

ಅದೇ ಮೀಟರ್, ಅದೇ ಬೆರಳು. ಒಮ್ಮೆ 142, ಮರುಕ್ಷಣ 156. ಯಾವುದು ಸರಿ?

ಎರಡೂ ಸರಿ. ಅಂತರರಾಷ್ಟ್ರೀಯ ಮಾನದಂಡದಂತೆ 100ರ ಮೇಲಿನ ಅಂಕಿಗಳಲ್ಲಿ ಮನೆಯ ಮೀಟರ್‌ಗೆ ಶೇ 15ರಷ್ಟು ಆಚೀಚೆ ಆಗಲು ಅವಕಾಶವಿದೆ. ಒಂದು ಅಂಕಿಗೆ ಕಂಗಾಲಾಗದೆ ಏರಿಳಿತದ ಒಲವನ್ನು ನೋಡಿ. ಬೆರಳು ಚುಚ್ಚುವ ಮೊದಲು ಸೋಪಿನಲ್ಲಿ ಕೈ ತೊಳೆದು ಒರೆಸಿಕೊಳ್ಳಿ. ಹಣ್ಣು ಸುಲಿದ ಬೆರಳಿನಲ್ಲಿ ಉಳಿದ ರಸವೇ ಅಂಕಿಯನ್ನು ಭಾರಿಯಾಗಿ ಏರಿಸಬಲ್ಲದು, ಸ್ಪಿರಿಟ್ ಹತ್ತಿಯಿಂದ ಒಮ್ಮೆ ಒರೆಸಿದರೆ ಅದು ಪೂರ್ತಿ ಹೋಗುವುದಿಲ್ಲ. ವಿಟಮಿನ್ ಸಿ ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡರೂ ಕೆಲವು ಮೀಟರ್ ಮತ್ತು ಸೆನ್ಸರ್‌ಗಳು ಸುಳ್ಳು ಏರಿಕೆ ತೋರಿಸುತ್ತವೆ.

ಕೀಟೋ ಪಥ್ಯ, ದೀರ್ಘ ಉಪವಾಸ ಮಾಡಬಹುದೇ?

ಕೀಟೋ ಎಂದರೆ ಪಿಷ್ಟವನ್ನು ತೀರಾ ತಗ್ಗಿಸಿ ಹೆಚ್ಚಾಗಿ ಕೊಬ್ಬನ್ನೇ ತಿನ್ನುವ ಪಥ್ಯ. ಪಿಷ್ಟ ತಗ್ಗಿಸಿದರೆ ಸಕ್ಕರೆ ಇಳಿಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಶುರು ಮಾಡುವ ಮೊದಲು ನಿಮ್ಮ ಔಷಧಿಗಳ ಪಟ್ಟಿ ವೈದ್ಯರ ಮುಂದಿರಲಿ. ಇನ್ಸುಲಿನ್ ಹಳೆಯ ಪ್ರಮಾಣದಲ್ಲೇ ಇದ್ದರೆ ಸಕ್ಕರೆ ಕುಸಿಯುತ್ತದೆ. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಬೇರೆ ರೀತಿಯದು: ಸಕ್ಕರೆ ಅಷ್ಟೇನೂ ಏರದೆಯೇ ಕೀಟೋನ್ ತುಂಬಿ ರಕ್ತ ಆಮ್ಲೀಯವಾಗಬಹುದು. ಮೀಟರ್ 180 ತೋರಿಸುತ್ತಿದೆಯೆಂದು ವಾಂತಿಯನ್ನು ಅಜೀರ್ಣವೆಂದುಕೊಂಡು ಮನೆಯಲ್ಲೇ ಉಳಿಯುವುದು ಇಲ್ಲಿ ಆಗುವ ಅನಾಹುತ. ಗರ್ಭಿಣಿಯರಿಗೂ ಟೈಪ್ 1 ಇರುವವರಿಗೂ ಸ್ವಂತ ಪ್ರಯೋಗ ಸಲ್ಲದು.

ಸಕ್ಕರೆ ಕಾಯಿಲೆ ಹೊರಟುಹೋಗುತ್ತದೆಯೇ?

ಶಮನವಾಗಬಹುದು. ಮಧುಮೇಹದ ಔಷಧಿ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದರೂ ಎಚ್‌ಬಿಎ1ಸಿ ಶೇ 6.5ಕ್ಕಿಂತ ಕಡಿಮೆ ಉಳಿದರೆ ಶಮನ ಎನ್ನಬೇಕೆಂದು 2021ರಲ್ಲಿ ತಜ್ಞರು ಒಪ್ಪಿದರು. ಬ್ರಿಟನ್ನಿನ ಡೈರೆಕ್ಟ್ ಪ್ರಯೋಗದಲ್ಲಿ ಪತ್ತೆಯಾಗಿ ಆರು ವರ್ಷದೊಳಗಿದ್ದ, ಇನ್ಸುಲಿನ್ ಬಳಸದವರಿಗೆ ವೈದ್ಯಕೀಯ ನಿಗಾದಲ್ಲಿ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಕೊಟ್ಟರು. ವರ್ಷದ ಕೊನೆಗೆ ಶೇ 46 ಮಂದಿ ಶಮನದಲ್ಲಿದ್ದರು. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ 86. ಎರಡನೆಯ ವರ್ಷಕ್ಕೆ ಒಟ್ಟು ಪ್ರಮಾಣ ಶೇ 36ಕ್ಕೆ ಇಳಿಯಿತು, ತೂಕ ಮರಳಿದವರಲ್ಲಿ ರೋಗವೂ ಮರಳಿತು.

ಶಮನದಲ್ಲಿರುವವರೂ ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರಪಿಂಡದ ತಪಾಸಣೆ ಬಿಡಬಾರದು. ಶಮನ ಸಿಗದವರು ಕುಗ್ಗಬೇಕಾಗಿಲ್ಲ. ಮಾತ್ರೆ ತೆಗೆದುಕೊಂಡು ಶೇ 6.8ರಲ್ಲಿರುವುದು ಉತ್ತಮ ನಿಯಂತ್ರಣವೇ.

ಎಲ್ಲವನ್ನೂ ಸರಿಯಾಗಿ ಮಾಡುತ್ತಿದ್ದೇನೆ. ಆದರೂ ಸಕ್ಕರೆ ಏರುತ್ತಲೇ ಇದೆ. ಏನು ತಪ್ಪಾಗುತ್ತಿದೆ?

ಬಹುಶಃ ನಿಮ್ಮ ತಪ್ಪಿಲ್ಲ. ಮೊದಲು ಹೊರಗಿನ ಕಾರಣಗಳನ್ನು ಹುಡುಕಿ. ಕೀಲುನೋವಿಗೋ ಉಬ್ಬಸಕ್ಕೋ ಸ್ಟೀರಾಯ್ಡ್ ಕೊಟ್ಟಿದ್ದಾರೆಯೇ? ಹಲ್ಲಿನ ಒಸಡಿನಲ್ಲಿ, ಮೂತ್ರದಲ್ಲಿ ಸೋಂಕು ಇದೆಯೇ? ಇನ್ಸುಲಿನ್ ಚುಚ್ಚುವ ಜಾಗದಲ್ಲಿ ಬೆರಳಾಡಿಸಿದರೆ ಗಂಟು ಸಿಗುತ್ತದೆಯೇ? ಒಂದೇ ಕಡೆ ಚುಚ್ಚಿ ಗಂಟಾದ ಚರ್ಮದಿಂದ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಇನ್ಸುಲಿನ್ ಬಾಟಲಿ ಬಿಸಿಲಿಗೆ ಸಿಕ್ಕಿತ್ತೇ?

ಇವೇನೂ ಇಲ್ಲವಾದರೆ, ಟೈಪ್ 2ರಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಶಕ್ತಿ ವರ್ಷ ಕಳೆದಂತೆ ಕುಗ್ಗುವುದು ರೋಗದ ಸ್ವಭಾವ, ಔಷಧಿ ಹೆಚ್ಚಬೇಕಾಗುತ್ತದೆ. ತೆಳ್ಳಗಿದ್ದು, ಪ್ರಯತ್ನವಿಲ್ಲದೆ ತೂಕ ಇಳಿಯುತ್ತಾ, ಮಾತ್ರೆಗಳಿಗೆ ಬಗ್ಗದ ಸಕ್ಕರೆ ಇದ್ದರೆ, ವಯಸ್ಕರಲ್ಲಿ ನಿಧಾನವಾಗಿ ಬರುವ ಟೈಪ್ 1 ಇರಬಹುದು. ಜಿಎಡಿ ಪ್ರತಿಕಾಯ (ಟೈಪ್ 1ರ ಗುರುತು) ಮತ್ತು ಸಿ-ಪೆಪ್ಟೈಡ್ (ದೇಹ ತಾನೇ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂಬುದರ ಅಳತೆ) ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಮೇದೋಜೀರಕ ಗ್ರಂಥಿಯಲ್ಲೇ ರೋಗವಿದ್ದರೂ ಇದೇ ಲಕ್ಷಣಗಳು ಬರಬಹುದಾದ್ದರಿಂದ, 50 ದಾಟಿದವರಲ್ಲಿ ಹೀಗಾದರೆ ಅದನ್ನೂ ನೋಡುತ್ತಾರೆ. ವಯಸ್ಕರ ಟೈಪ್ 1 ಎಂದು ಗೊತ್ತಾದವರಿಗೆ ಬೇಕಾದದ್ದು ಇನ್ಸುಲಿನ್. ಅಂಥವರು ಸಕ್ಕರೆ ಇಳಿಯಲೆಂದು ಊಟವನ್ನು ಇನ್ನಷ್ಟು ಕಡಿಮೆ ಮಾಡುತ್ತಾ ಹೋದರೆ ಸೊರಗುತ್ತಾರೆಯೇ ಹೊರತು ರೋಗ ಹತೋಟಿಗೆ ಬರುವುದಿಲ್ಲ.